ಕೊಳವೆಯೊಳಗಿನ ಗೊರವಂಕ

ಹೊಳೆ ದಂಡೆಯ ಆಶ್ರಮದಲ್ಲಿ ಒಂದು ಅಡುಗೆಮನೆ ಇತ್ತು. ಅದರ ಒಲೆಯನ್ನು ಗುರುಗಳೇ ಮುಂದೆ ನಿಂತು ಕಟ್ಟಿಸಿದ್ದರು.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಒಲೆಯ ವಿಷಯದಲ್ಲಿ ಅಜ್ಜಾರದು ಹಟ. ಹೊಗೆಕೊಳವೆ ಮಾಡಿನ ನೆತ್ತಿಗಿಂತ ಎತ್ತರಕ್ಕೆ ಹೋಗಬೇಕು. ಅದು ಮಾಡನ್ನು ದಾಟುವ ಕಡೆ ಮರದ ತೊಲೆ ಹತ್ತಿರ ಇರಬಾರದು. ಕೊಳವೆಯ ಬಾಯಿಗೆ ತಂತಿಯ ಜಾಲರಿ ಬೇಕು. ಹಸಿ ಕಟ್ಟಿಗೆ ಅಡುಗೆಮನೆಯ ಹೊಸ್ತಿಲು ದಾಟಕೂಡದು.

"ಒಳಗೆ ಬರುವ ಗಾಳಿ, ಹೊರಗೆ ಹೋಗುವ ಹೊಗೆ, ನಡುವೆ ಬೆಂಕಿ," ಎನ್ನುತ್ತಿದ್ದರು. "ಇದರಲ್ಲಿ ಒಂದನ್ನು ಮರೆತವನು ಒಲೆ ಹೊತ್ತಿಸಬಾರದು."

ಬೇಸಿಗೆಯಲ್ಲಿ ಅಡುಗೆ ಹೊರಗೆ, ಬೇವಿನ ಮರದ ಕೆಳಗೆ. ಆ ಬೇಸಿಗೆ ಅಜ್ಜಾರು ಸಂಚಾರ ಹೊರಟರು. ಆಶ್ರಮವನ್ನು ಹಿರಿಯ ಶಿಷ್ಯ ಪರ್ವತಯ್ಯನಿಗೆ ಒಪ್ಪಿಸಿದರು. ಮಳೆಗೆ ಮುಂಚೆ ಕೊಳವೆಯ ಮಸಿ ಕೆಡವಬೇಕು, ಜಾಲರಿ ಉಜ್ಜಿ ಮತ್ತೆ ಕೂರಿಸಬೇಕು ಎಂದು ಹೇಳಿ ಹೋದರು.

ಪರ್ವತಯ್ಯ ಜಾಲರಿ ಬಿಚ್ಚಿದ. ಅದರ ತೂತುಗಳೆಲ್ಲ ಮಸಿ ಕಟ್ಟಿ ಮುಚ್ಚಿಹೋಗಿದ್ದವು. ಉಜ್ಜುವುದು ನಾಳೆ ಎಂದುಕೊಂಡು ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿದ. ಅದು ಅಲ್ಲೇ ಉಳಿಯಿತು.

ಬಾಯಿ ತೆರೆದ ಕೊಳವೆಗೆ ಒಂದು ಜೋಡಿ ಗೊರವಂಕ ಬಂತು. ಕೊಳವೆ ಬಾಗುವ ಕಡೆ ಹುಲ್ಲು, ನಾರು, ಹರಕು ಬಟ್ಟೆ ಸೇರಿಸಿ ಗೂಡು ಕಟ್ಟಿತು.

ಮಳೆ ಹಿಡಿಯಿತು. ಅಡುಗೆಯ ಹೊನ್ನವ್ವ ಪಾತ್ರೆಗಳನ್ನು ಒಳಗೆ ಸಾಗಿಸಿದಳು. ಒಲೆಗೆ ಪುಳ್ಳೆ ಜೋಡಿಸಿ ಕಡ್ಡಿ ಗೀರಬೇಕು, ಅಷ್ಟರಲ್ಲಿ ಕೊಳವೆಯೊಳಗಿಂದ ಮರಿಗಳ ಚೀರಾಟ ಕೇಳಿತು. ಅವಳು ಕಡ್ಡಿಪೆಟ್ಟಿಗೆ ಕೆಳಗಿಟ್ಟಳು. ಹೋಗಿ ಪರ್ವತಯ್ಯನನ್ನು ಕರೆತಂದಳು.

ಪರ್ವತಯ್ಯ ಕೊಳವೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ. ಈ ಜೀವಗಳಿಗೆ ಹೊಗೆ ತಾಗಕೂಡದು ಎಂದ. ಒಂದು ಕಡಪಾ ಕಲ್ಲಿನ ತುಂಡು ತಂದು, ಒಲೆಯಿಂದ ಕೊಳವೆಗೆ ಹೊಗೆ ಹೋಗುವ ಕಂಡಿಯನ್ನು ಮುಚ್ಚಿದ. ಸುತ್ತಲೂ ಮಣ್ಣು ಮೆತ್ತಿದ.

"ಹೊಗಿ ಎಲ್ಲಿಗೆ ಹೋಗಬೇಕ್ರಿ?" ಹೊನ್ನವ್ವ ಕೇಳಿದಳು.

"ಹಿಂದಿನ ಬಾಗಿಲು ತೆರೆದಿಟ್ಟುಕೊ. ಮರಿಗಳು ಹಾರುವವರೆಗೆ ಸಹಿಸು. ಮೂಕ ಪ್ರಾಣಿಗಳು."

"ನಾ ಮೂಕಿ ಅಲ್ರಿ. ಅದಕ್ಕ ಹೇಳಾಕತ್ತೀನಿ."

ಪರ್ವತಯ್ಯ ನಕ್ಕು ಹೊರಗೆ ಹೋದ.

ಸುದ್ದಿ ಊರಿಗೆ ಹಬ್ಬಿತು. ಆಶ್ರಮದಲ್ಲಿ ಹಕ್ಕಿಗಾಗಿ ಒಲೆಯ ದಾರಿಯನ್ನೇ ಕಟ್ಟಿದ್ದಾರಂತೆ ಎಂದು ಜನ ಬರತೊಡಗಿದರು. ಪರ್ವತಯ್ಯ ಒಬ್ಬೊಬ್ಬರನ್ನೂ ಒಳಗೆ ಕರೆದು ಕೊಳವೆಗೆ ಕಿವಿ ಹಚ್ಚಿಸುತ್ತಿದ್ದ. ಯಾರೋ ಕೊಳವೆಗೆ ಕುಂಕುಮ ಹಚ್ಚಿದರು. ಇನ್ಯಾರೋ ಹೂವು ಏರಿಸಿದರು. ಹೊನ್ನವ್ವ ಮಾತ್ರ ಅವರ ಕಾಲುಗಳ ನಡುವೆ ಕೂತು ರೊಟ್ಟಿ ಬಡಿಯುತ್ತಿದ್ದಳು.

ನೋಡಿ ಆದವರು ಮುಂದಿನ ಪಡಸಾಲೆಯಲ್ಲಿ ಕೂರುತ್ತಿದ್ದರು. ಕಲ್ಲುಚಪ್ಪಡಿಯ ಮಾಡು, ಮೂರು ಕಡೆ ತೆರೆದ ಪಡಸಾಲೆ. ಅಲ್ಲಿ ಪರ್ವತಯ್ಯ ದಯೆಯ ಮೇಲೆ ಪ್ರವಚನ ಮಾಡುತ್ತಿದ್ದ.

ಜನ ಹೆಚ್ಚಾದರು. ಜನ ಹೆಚ್ಚಾದಂತೆ ರೊಟ್ಟಿ ಹೆಚ್ಚಾಯಿತು. ರೊಟ್ಟಿ ಹೆಚ್ಚಾದಂತೆ ಹೊಗೆ ಹೆಚ್ಚಾಯಿತು.

ಅಡುಗೆಮನೆಯ ನಡುಬಾಗಿಲಿನಿಂದ ಹೊಗೆ ಪಡಸಾಲೆಗೂ ಬಂತು. ಕೇಳುವವರು ಕಣ್ಣು ಒರೆಸಿಕೊಂಡರು. ತನ್ನ ಮಾತಿಗೆ ಕರಗಿದ್ದಾರೆ ಎಂದು ಪರ್ವತಯ್ಯ ತಿಳಿದ. ಅವರು ಕೆಮ್ಮಲು ಶುರು ಮಾಡಿದ ಮೇಲೆ ಅವನಿಗೆ ಗೊತ್ತಾಯಿತು. ಎದ್ದು ಹೋಗಿ ನಡುಬಾಗಿಲು ಹಾಕಿಸಿದ.

ಹಿಂದಿನ ಬಾಗಿಲಿನಿಂದ ಇರಚಲು ಹೊಡೆಯುತ್ತಿತ್ತು. ಮಳೆನೀರು ಒಲೆಯವರೆಗೂ ಬಂದು ಕಟ್ಟಿಗೆ ತೊಯ್ಯುತ್ತಿತ್ತು. ತೊಯ್ದ ಕಟ್ಟಿಗೆ ಇನ್ನಷ್ಟು ಹೊಗೆ ಕಾರುತ್ತಿತ್ತು. ಕೊನೆಗೆ ಹೊನ್ನವ್ವ ಆ ಬಾಗಿಲನ್ನೂ ಮುಚ್ಚಿಕೊಳ್ಳಬೇಕಾಯಿತು.

ಅವಳ ಕೆಮ್ಮು ಪಡಸಾಲೆಗೆ ಕೇಳುತ್ತಿತ್ತು. ಒಂದು ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅವನ ಮುಂದೆ ಬಂದು ನಿಂತಳು. ತಲೆ ಸಿಡಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ, ರಾತ್ರಿ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗಾಗುತ್ತದೆ ಎಂದಳು.

"ಹೊನ್ನವ್ವಾ, ಸೇವೆಯೇ ತಪಸ್ಸು," ಎಂದ ಪರ್ವತಯ್ಯ.

"ನನಗ ತಪಸ್ಸು ಬ್ಯಾಡ್ರಿ ಅಯ್ಯಾರೆ. ಗಾಳಿ ಬೇಕು."

ಕೇಳುತ್ತ ಕೂತವರು ನಕ್ಕರು. ಪರ್ವತಯ್ಯನೂ ನಕ್ಕ. ಅಂದಿನ ಪ್ರವಚನದಲ್ಲಿ ತಾಳ್ಮೆಯ ವಿಷಯವನ್ನೂ ಸೇರಿಸಿದ.

ಮರುದಿನ ಮಧ್ಯಾಹ್ನ ಪ್ರವಚನ ಉದ್ದವಾಯಿತು. ಊಟ ಬರಲಿಲ್ಲ. ಹೊನ್ನವ್ವ ಇವತ್ತು ಸಿಟ್ಟಾಗಿದ್ದಾಳೆ ಎಂದು ಯಾರೋ ಅಂದರು.

ಅದೇ ಹೊತ್ತಿಗೆ ಅಜ್ಜಾರು ಸಂಚಾರ ಮುಗಿಸಿ ಬಂದರು. ಮಳೆಯಲ್ಲಿ ನೆನೆದಿದ್ದರು. ಕಾಲು ತೊಳೆಯಲು ಹಿತ್ತಲಿಗೆ ಹೋಗಿ, ನೀರು ಕೇಳಲು ಅಡುಗೆಮನೆಯ ಬಾಗಿಲು ತಳ್ಳಿದರು.

ಒಲೆಯಲ್ಲಿ ಉರಿ ಇರಲಿಲ್ಲ. ಕೆಂಡ ಕೆಂಪಗೆ ಇತ್ತು. ಅದರ ಪಕ್ಕದಲ್ಲಿ ಹೊನ್ನವ್ವ ಮಗ್ಗುಲಾಗಿ ಬಿದ್ದಿದ್ದಳು. ಕೈಗೆ ಹತ್ತಿದ ಹಿಟ್ಟು ಒಣಗಿತ್ತು.

ಅಜ್ಜಾರು ಅವಳ ಎರಡೂ ರಟ್ಟೆ ಹಿಡಿದು ಹೊರಗೆ ಎಳೆದರು. ಸೂರಿನ ಕೆಳಗೆ ಮಲಗಿಸಿ ಮುಖಕ್ಕೆ ಗಾಳಿ ಹಾಕಿದರು. ಹೆಸರು ಹಿಡಿದು ಕರೆದರು. ಮತ್ತೆ ಕರೆದರು. ಬಹಳ ಹೊತ್ತಿನ ಮೇಲೆ ಅವಳು ವಾಂತಿ ಮಾಡಿಕೊಂಡಳು. ಆಮೇಲೆ ಉಸಿರು ಎಳೆದಳು.

ಗದ್ದಲ ಕೇಳಿ ಪರ್ವತಯ್ಯ ಓಡಿಬಂದ. ಹಿಂದೆ ಜನ ಬಂದರು. ಒಬ್ಬನನ್ನು ಅಜ್ಜಾರು ವೈದ್ಯರನ್ನು ಕರೆತರಲು ಓಡಿಸಿದರು.

ವೈದ್ಯರು ಬಂದು ನೋಡಿದರು. ಬದುಕಿದ್ದಾಳೆ, ಇನ್ನು ಸ್ವಲ್ಪ ಹೊತ್ತಾಗಿದ್ದರೆ ಇರುತ್ತಿರಲಿಲ್ಲ ಎಂದರು. ಆ ಕೋಣೆಯಲ್ಲಿ ಇನ್ನು ಯಾರೂ ಅಡುಗೆ ಮಾಡಬಾರದು ಎಂದರು.

ಪರ್ವತಯ್ಯನ ಮುಖ ಬಿಳುಪೇರಿತ್ತು. ಆದರೂ ಕೇಳಿದ. "ಅಜ್ಜಾರೆ, ಆಗ ಹೊಗೆಯೇ ಇರಲಿಲ್ಲ. ಬರೀ ಕೆಂಡ. ಹೇಗೆ ಹೀಗಾಯಿತು?"

"ಕೆಂಡಕ್ಕೂ ಗಾಳಿ ಬೇಕು. ಅವಳಿಗೂ ಗಾಳಿ ಬೇಕು. ಎರಡೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರಲ್ಲಿ ಯಾರು ಗೆಲ್ಲುತ್ತಾರೆ?"

ಪರ್ವತಯ್ಯ ಒಳಗಿನ ಕೆಂಡದ ಕಡೆ ನೋಡಿದ.

"ಕಣ್ಣಿಗೆ ಕಾಣುವ ಹೊಗೆ ಕೆಮ್ಮಿಸಿ ಎಬ್ಬಿಸುತ್ತದೆ," ಎಂದರು ಅಜ್ಜಾರು. "ಕೆಂಡದ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಎಬ್ಬಿಸುವುದಿಲ್ಲ."

ಅವರು ಪರ್ವತಯ್ಯನನ್ನು ಕರೆದುಕೊಂಡು ಒಳಗೆ ಹೋದರು. ಕಡಪಾ ಕಲ್ಲು ನೋಡಿದರು. ಮೆತ್ತಿದ ಮಣ್ಣು ನೋಡಿದರು. ಕುಂಕುಮ ನೋಡಿದರು, ಬಾಡಿದ ಹೂವು ನೋಡಿದರು. ಮರಿಗಳು ಚೀರುವುದನ್ನು ಕೇಳಿದರು. ಅವರಿಗೆ ಸಿಟ್ಟು ಬಂದದ್ದನ್ನು ಆಶ್ರಮದಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

"ಇವತ್ತು ಪ್ರವಚನ ಯಾವುದರ ಮೇಲಿತ್ತು?"

"ದಯೆಯ ಮೇಲೆ."

"ಮುಗಿಯಿತೇ?"

"ಅರ್ಧಕ್ಕೆ ನಿಂತಿತು, ಅಜ್ಜಾರೆ."

"ಉಳಿದರ್ಧ ಇಲ್ಲಿ ಹೇಳು."

ಅಜ್ಜಾರು ಕೆಂಡದ ಮೇಲೆ ತೊಯ್ದ ಕಟ್ಟಿಗೆ ಒಟ್ಟಿದರು. ನಡುಬಾಗಿಲು ಹಾಕಿದರು. ಹಿಂದಿನ ಬಾಗಿಲೂ ಹಾಕಿದರು. ಹೊನ್ನವ್ವ ಬಿದ್ದಿದ್ದ ಜಾಗದಲ್ಲಿ ತಾವೇ ಕೂತರು. ಎದುರಿಗೆ ಅವನನ್ನು ಕೂರಿಸಿದರು.

ಪರ್ವತಯ್ಯ ಶುರು ಮಾಡಿದ. ಮೊದಲ ವಾಕ್ಯ ಮುಗಿಯಿತು. ಎರಡನೆಯದರಲ್ಲಿ ಕೆಮ್ಮು ಬಂತು. ಮೂರನೆಯದು ಬರಲೇ ಇಲ್ಲ. ಕಣ್ಣಿಂದ, ಮೂಗಿಂದ ನೀರು ಸುರಿಯಿತು. ಅವನು ಎದ್ದು ಬಾಗಿಲಿಗಾಗಿ ಗೋಡೆ ತಡವಿದ.

"ಮರಿಗಳು ಇನ್ನೂ ಗೂಡಿನಲ್ಲಿವೆ," ಹೊಗೆಯೊಳಗಿಂದ ಅಜ್ಜಾರ ದನಿ ಬಂತು. "ಸಹಿಸು."

ಪರ್ವತಯ್ಯ ಬಾಗಿಲು ಸಿಕ್ಕಿದ್ದೇ ತಡ, ಮಳೆಗೆ ಓಡಿದ. ಅಜ್ಜಾರೂ ಕೆಮ್ಮುತ್ತ ಹೊರಗೆ ಬಂದರು.

ಉಸಿರು ಮರಳಿದಾಗ ಶಿಷ್ಯನಿಗೆ ನಾಚಿಕೆಗಿಂತ ಸಿಟ್ಟೇ ಮೊದಲು ಬಂತು.

"ಹಾಗಾದರೆ ಮರಿಗಳನ್ನು ಬೇಯಿಸಬೇಕಿತ್ತೇ?" ಎಂದ. "ಆ ಕಡೆ ಹಕ್ಕಿ, ಈ ಕಡೆ ಹೊನ್ನವ್ವ. ನನಗಿದ್ದದ್ದು ಎರಡೇ ದಾರಿ. ಧರ್ಮಸಂಕಟ, ಅಜ್ಜಾರೆ."

"ಜಾಲರಿ ಎಲ್ಲಿ?"

ಪರ್ವತಯ್ಯ ಕೊಟ್ಟಿಗೆಯ ಕಡೆ ನೋಡಿದ.

"ತಡವಾಗಿ ಎದ್ದವನಿಗೆ ಎರಡೇ ದಾರಿ ಕಾಣುತ್ತವೆ," ಎಂದರು ಅಜ್ಜಾರು. "ಎರಡೂ ಪಾಪದವು. ಅದಕ್ಕೆ ಅವನು ಧರ್ಮಸಂಕಟ ಎಂದು ಹೆಸರಿಡುತ್ತಾನೆ."

ಜನರಲ್ಲಿ ಒಬ್ಬ ಹಿರಿಯ ಮುಂದೆ ಬಂದ. ಅಯ್ಯನವರು ಜೀವ ಉಳಿಸಲೆಂದೇ ಮಾಡಿದ್ದು, ಇಷ್ಟು ಕಟುವಾಗಿ ಅನ್ನಬಾರದು ಎಂದು ಕೈಮುಗಿದ.

ಅಜ್ಜಾರು ಅವನ ಕಡೆ ತಿರುಗಿದರು. "ನೀವು ಇಲ್ಲಿ ಊಟ ಮಾಡಿದಿರಾ?"

ಮಾಡಿದೆ ಎಂದ.

"ಕೊಳವೆಗೆ ಕಿವಿ ಹಚ್ಚಿದಿರಾ?"

ಹಚ್ಚಿದೆ ಎಂದ.

"ಅಲ್ಲಿಂದ ಮೂರಡಿ ಕೆಳಗೆ ಒಬ್ಬಳು ಕೆಮ್ಮುತ್ತಿದ್ದಳು. ಅದು ಯಾವ ಕಿವಿಗೆ ಕೇಳಬೇಕಿತ್ತು?"

ಹಿರಿಯ ಹಿಂದೆ ಸರಿದ. ಉಳಿದವರು ನೆಲ ನೋಡಿದರು.

ಅಜ್ಜಾರು ಮತ್ತೆ ಶಿಷ್ಯನನ್ನು ಕೇಳಿದರು. "ಹಕ್ಕಿಗೆ ನೀನು ಏನು ಕೊಟ್ಟೆ?"

"ದಯೆ ತೋರಿಸಿದೆ."

"ತೋರಿಸಿದ್ದನ್ನು ಎಲ್ಲರೂ ಕಂಡಿದ್ದಾರೆ. ಕೊಟ್ಟದ್ದು ಏನು? ಹೊನ್ನವ್ವ ತನ್ನ ಉಸಿರು ಕೊಟ್ಟಳು. ನೀನು ಒಂದು ದಿನದ ಪ್ರವಚನವನ್ನಾದರೂ ಬಿಟ್ಟುಕೊಟ್ಟೆಯಾ? ಕೂರುವ ಜಾಗವನ್ನಾದರೂ ಬಿಟ್ಟೆಯಾ?"

ಅಜ್ಜಾರು ಉತ್ತರಕ್ಕೆ ಕಾಯಲಿಲ್ಲ. ಪಡಸಾಲೆಗೆ ನಡೆದರು.

ಅಲ್ಲಿ ಪರ್ವತಯ್ಯ ಕೂರುವ ಮಣೆ ಇತ್ತು, ಅದರ ಮುಂದೆ ಜಮಖಾನೆ. ಅಜ್ಜಾರು ಮಣೆ ಎತ್ತಿ ಗೋಡೆಗೆ ನಿಲ್ಲಿಸಿದರು. ಜಮಖಾನೆ ಸುತ್ತಿ ಒಬ್ಬರ ಕೈಗೆ ಕೊಟ್ಟರು. ಹಿತ್ತಲಿನ ಇಟ್ಟಿಗೆಗಳನ್ನು ತರಿಸಿ, ಮಣೆ ಇದ್ದ ಜಾಗದಲ್ಲೇ ಒಲೆ ಹೂಡಿದರು. ಮೇಲೆ ಕಲ್ಲಿನ ಮಾಡು. ಬೆಂಕಿ ಹತ್ತುವಂಥದ್ದು ಸುತ್ತಲೂ ಇರಲಿಲ್ಲ. ಹೊಳೆಯ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಒಣ ಕಟ್ಟಿಗೆ ಹುಡುಕಿ ತರಲು ಜನರನ್ನು ಕಳಿಸಿದರು. ಯಾರೂ ಎದುರಾಡಲಿಲ್ಲ.

"ಮರಿಗಳು ಹಾರುವವರೆಗೆ ಅಡುಗೆ ಇಲ್ಲಿ," ಎಂದರು. "ಅವು ಹಾರಿದ ದಿನ ನೀನೇ ಮಾಡಿನ ಮೇಲೆ ಹತ್ತಿ ಗೂಡು ತೆಗೆಯಬೇಕು. ಕೊಳವೆಯ ಮಸಿ ಪೂರ್ತಿ ಕೆಡವಬೇಕು. ಜಾಲರಿ ಕೂರಿಸಬೇಕು. ಕಲ್ಲು ಕಿತ್ತು ಕಂಡಿ ಬಿಡಿಸಬೇಕು. ಆಮೇಲೆ ಒಂದು ಹಿಡಿ ಒಣಹುಲ್ಲು ಉರಿಸಿ, ಹೊಗೆ ಮೇಲೆ ಹೋಗುವುದನ್ನು ಹೊರಗೆ ನಿಂತು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಆ ಒಲೆ ಹೊತ್ತಬಾರದು."

"ಆಗಲಿ, ಅಜ್ಜಾರೆ."

"ಹೊನ್ನವ್ವ ಎದ್ದು ಓಡಾಡುವವರೆಗೆ ಅಡುಗೆ ನಿನ್ನದು."

ಪರ್ವತಯ್ಯ ತಲೆ ಎತ್ತಿದ. ತನಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದ.

ಹೊನ್ನವ್ವನನ್ನು ಪಡಸಾಲೆಯ ಗಾಳಿ ಬರುವ ಮಗ್ಗುಲಿಗೆ ಚಾಪೆ ಹಾಸಿ ಮಲಗಿಸಿದ್ದರು. ಅವಳು ಕಣ್ಣು ತೆರೆಯದೆಯೇ ಹೇಳಿದಳು. ದನಿ ಒಡೆದಿತ್ತು.

"ಇಷ್ಟು ದಿನ ಮಾತು ಬಡದ್ರಲ್ರಿ ಅಯ್ಯಾರೆ. ರೊಟ್ಟಿ ಅದಕ್ಕಿಂತ ಸಸಾರ ಐತಿ."

ಈ ಸಲ ಯಾರೂ ನಗಲಿಲ್ಲ.

ಪರ್ವತಯ್ಯ ಹಿಟ್ಟಿನ ಪರಾತ ತಂದು ಒಲೆಯ ಮುಂದೆ ನಿಂತ. ಪಡಸಾಲೆಯ ಸುತ್ತ ನೋಡಿದ. ಗಾಳಿ ಬರುವ ಕಡೆ ಹೊನ್ನವ್ವ ಮಲಗಿದ್ದಳು. ಅವಳ ಪಕ್ಕದ ಒಣ ನೆಲದ ಮೇಲೆ ಜನ ಆಗಲೇ ಒತ್ತಾಗಿ ಕೂತಿದ್ದರು.

"ನಾನೆಲ್ಲಿ ಕೂರಲಿ, ಅಜ್ಜಾರೆ?"

ಅಜ್ಜಾರು ಒಲೆಗೆ ಕಟ್ಟಿಗೆ ಇಟ್ಟು ಊದಿದರು. ಹೊಗೆ ಎದ್ದಿತು. ಗಾಳಿಗೆ ಒಂದು ಕಡೆ ವಾಲಿತು.

"ಹೊಗೆ ಹೋಗುವ ಕಡೆ."