ಚಿಮ್ಮಿಯ ಕಾಲಿಗೆ ಹಳದಿ ಬಂದದ್ದು

ಆಗ ಭೂಮಿ ಇನ್ನೂ ಹೊಸದು. ಕಡಲಿಗೆ ಉಪ್ಪು ಬೆರೆಸಿ ಹೆಚ್ಚು ದಿನ ಆಗಿರಲಿಲ್ಲ. ಯಾವ ಹಕ್ಕಿ ಎಲ್ಲಿರಬೇಕು, ಯಾವ ಗಾಳಿ ಯಾವಾಗ ಬೀಸಬೇಕು ಅನ್ನುವುದನ್ನೂ ಯಾರೂ ಗೊತ್ತು ಮಾಡಿರಲಿಲ್ಲ.

ಭೂಮಿಯ ತೆಂಕಣ ತುದಿಯಲ್ಲಿ, ಎಲ್ಲಿ ನೋಡಿದರೂ ಹಿಮವೇ ಇರುವ ನಾಡಿನಲ್ಲಿ, ಚಿಮ್ಮಿ ಎಂಬ ಪುಟ್ಟ ಕಡಲಹಕ್ಕಿ ಇದ್ದಳು. ಗುಬ್ಬಿಗಿಂತ ತುಸು ದೊಡ್ಡವಳು, ಅಷ್ಟೇ. ಮೈಯೆಲ್ಲ ಮಸಿಗಪ್ಪು. ಬಾಲದ ಬುಡದಲ್ಲಿ ಮಾತ್ರ ಒಂದು ಬಿಳಿ ಪಟ್ಟಿ. ಕಾಲೂ ಕಪ್ಪು, ಕಾಲ್ಬೆರಳುಗಳ ನಡುವಿನ ತೊಗಲೂ ಕಪ್ಪು. ಅವಳ ಗಂಡನ ಹೆಸರು ದೂಮ.

ಆ ನಾಡಿನ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಅಂಥ ಒಂದು ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮನೆ ಹುಡುಕುತ್ತಾ ಬಂದರು. ಮರವಿಲ್ಲ, ಪೊದೆಯಿಲ್ಲ, ಒಂದು ಹಿಡಿ ಹುಲ್ಲೂ ಇಲ್ಲ. ಹಿಮದ ನಡುವೆ ಒಂದು ಮುದಿ ಬಂಡೆ ಮಾತ್ರ ತಲೆಯೆತ್ತಿ ಕೂತಿತ್ತು.

“ಬಂಡೆಯಜ್ಜಿ, ನಮಗೊಂದಿಷ್ಟು ಜಾಗ ಕೊಡ್ತೀಯಾ?” ಎಂದು ಚಿಮ್ಮಿ ಕೇಳಿದಳು.

“ನನ್ನ ಪಕ್ಕೆಯಲ್ಲಿ ಒಂದು ಬಿರುಕಿದೆ ಮಗಳೇ. ಇಕ್ಕಟ್ಟು. ನಿಮಗೆ ಸಾಕಾಗುತ್ತಾ ನೋಡು,” ಎಂದಿತು ಬಂಡೆ.

ಸಾಕಾಯಿತು. ಆ ಬಿರುಕಿನ ಒಳಗೆ ಚಿಮ್ಮಿ ಒಂದೇ ಒಂದು ಮೊಟ್ಟೆ ಇಟ್ಟಳು. ಅವಳ ಪುಟ್ಟ ಮೈಗೆ ಅದು ಬಹಳ ದೊಡ್ಡ ಮೊಟ್ಟೆ. ಇಟ್ಟ ಮೇಲೆ ಸುಸ್ತಾಗಿ ಗೋಡೆಗೆ ಒರಗಿಕೊಂಡಳು. ದೂಮ ಮೊಟ್ಟೆಯನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ.

“ನಿನ್ನ ಹಾಗೇ ಇದೆ,” ಎಂದ.

“ಮೊಟ್ಟೆ ಯಾರ ಹಾಗೂ ಇರೋದಿಲ್ಲರೀ,” ಎಂದು ಚಿಮ್ಮಿ ನಕ್ಕಳು.

ಒಬ್ಬರು ಕಾವು ಕೊಡಬೇಕು, ಇನ್ನೊಬ್ಬರು ಕಡಲಿಗೆ ಹೋಗಿ ಹೊಟ್ಟೆ ತುಂಬಿಸಿಕೊಂಡು ಬರಬೇಕು. ಮೊದಲು ಚಿಮ್ಮಿ ಕಡಲಿಗೆ ಹೋದಳು. ದೂಮ ಮೊಟ್ಟೆಯ ಮೇಲೆ ಕೂತ.

ಅಲ್ಲಿಂದ ಬಹಳ ದೂರದ ಹಿಮದಿಬ್ಬದ ಮೇಲೆ ಗಾಳಿಯ ವಾಸ. ಅವನಿಗಿನ್ನೂ ಎಳೆ ವಯಸ್ಸು. ಮೊಟ್ಟೆಯ ಸುದ್ದಿ ಅವನ ಕಿವಿಗೂ ಬಿತ್ತು. ಅವನು ಮೊಟ್ಟೆ ಅನ್ನುವುದನ್ನು ಕಂಡವನೇ ಅಲ್ಲ.

“ನೋಡಲೇಬೇಕು!” ಎಂದು ಎದ್ದ. ಎದ್ದವನು ನಡೆಯಲಿಲ್ಲ, ಓಡಿದ. ಅವನು ಓಡಿದ ದಾರಿಯ ಹಿಮವೆಲ್ಲ ಎದ್ದು ಅವನ ಬೆನ್ನು ಹತ್ತಿತು. ಅವನು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ಚಿಮ್ಮಿ ಕಡಲಿನಿಂದ ಬಂದಾಗ ಬಂಡೆಯೇ ಕಾಣಲಿಲ್ಲ. ಎಲ್ಲ ಬಿಳಿ. ಮೇಲೂ ಬಿಳಿ, ಕೆಳಗೂ ಬಿಳಿ.

“ರೀ! ಎಲ್ಲಿದ್ದೀರಿ?”

ಅವಳು ಹಿಮದ ಮೇಲೆ ಇನ್ನೊಂದು ಸುತ್ತು ಹಾರಿದಳು.

“ರೀ!”

ಬಹಳ ಆಳದಿಂದ ಬಂಡೆಯಜ್ಜಿಯ ದನಿ ಬಂತು. “ಇಲ್ಲೇ ಮಗಳೇ, ನಿನ್ನ ಕಾಲ ಕೆಳಗೇ.”

ಚಿಮ್ಮಿ ಕೆರೆಯತೊಡಗಿದಳು. ಅವಳ ಕಾಲು ಕಡ್ಡಿಯಷ್ಟು ಸಣ್ಣ. ಆದರೂ ಎಡಗಾಲು, ಬಲಗಾಲು, ಎಡಗಾಲು, ಬಲಗಾಲು ಎಂದು ಕೆರೆದಳು. ಅವಳು ಕೆರೆದಷ್ಟನ್ನೂ ಗಾಳಿ ಮತ್ತೆ ತುಂಬಿದ. ರೆಕ್ಕೆ ಬಡಿಯುತ್ತಾ ಹಿಮದ ಮೇಲೆಯೇ ತೇಲಿ ನಿಂತು ಕೆರೆದಳು. ಉಂಡದ್ದೆಲ್ಲ ಕರಗಿ ಹೊಟ್ಟೆ ಬೆನ್ನಿಗಂಟಿತು. ಆದರೂ ಕೆರೆದಳು.

“ಏನು ಹುಡುಕ್ತಿದ್ದೀಯ ತಂಗಿ?” ಎಂದು ಗಾಳಿ ಕೇಳಿದ.

“ನನ್ನ ಮನೆ ಬಾಗಿಲು,” ಎಂದಳು ಚಿಮ್ಮಿ. ಬೇರೆ ಮಾತಾಡಲು ಅವಳಲ್ಲಿ ಉಸಿರಿರಲಿಲ್ಲ.

ಗಾಳಿ ಅಲ್ಲೇ ನಿಂತುಬಿಟ್ಟ. ಆಗ ಹಿಮವೂ ನಿಂತಿತು. ಸೂರ್ಯ ಇನ್ನೊಂದು ಸುತ್ತು ಬರುವ ಹೊತ್ತಿಗೆ ಚಿಮ್ಮಿಯ ಕಾಲಿಗೆ ಬಂಡೆ ತಾಗಿತು, ಬಿರುಕು ಸಿಕ್ಕಿತು.

ದೂಮ ಒಳಗಿದ್ದ. ಮೊಟ್ಟೆಯ ಮೇಲೇ ಇದ್ದ. ಕಣ್ಣು ಗುಳಿಬಿದ್ದಿತ್ತು, ಮೈ ಅರ್ಧವಾಗಿತ್ತು.

“ನಾನು ಏಳಲಿಲ್ಲ ಚಿಮ್ಮಿ,” ಎಂದ. “ಒಂದು ಸಲವೂ ಏಳಲಿಲ್ಲ.”

“ಗೊತ್ತುರೀ. ಈಗ ಏಳಿ, ನಾನು ಕೂರ್ತೀನಿ.”

ಅವನು ಎದ್ದ. ಬಿರುಕಿನೊಳಗೆ ನುಗ್ಗಿದ ಹಿಮ ಅವನ ಮೈಯ ಬಿಸಿಗೇ ಕರಗಿ, ನೀರಾಗಿ ಕೆಳಗೆ ಹರಿದು, ಮತ್ತೆ ಗಟ್ಟಿಯಾಗಿತ್ತು. ಮೊಟ್ಟೆ ಆ ಮಂಜುಗಡ್ಡೆಯೊಳಗೆ ಅರ್ಧ ಹೂತುಹೋಗಿತ್ತು. ಅದು ತಣ್ಣಗಿತ್ತು. ಒಂದು ಬದಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು.

ಚಿಮ್ಮಿ ಅದನ್ನು ನೋಡಿದಳು. ಅದರ ಮೇಲೆ ಕೂತಳು. ಕಾಲುಗಳಿಂದ ಮೆಲ್ಲಗೆ ಅವುಚಿಕೊಂಡಳು. ಸೀಳಿನಿಂದ ಮೊಟ್ಟೆಯ ಹಳದಿ ಲೋಳೆ ತೊಟ್ಟುತೊಟ್ಟಾಗಿ ಒಸರಿ ಅವಳ ಬೆರಳುಗಳ ನಡುವೆ ಇಳಿಯಿತು.

ಸೂರ್ಯ ಒಂದು ಸುತ್ತು ಬಂದ. ಅವಳು ಏಳಲಿಲ್ಲ. ಎರಡು ಸುತ್ತು ಬಂದ. ಏಳಲಿಲ್ಲ.

“ನೀವು ಕಡಲಿಗೆ ಹೋಗಿ ಬನ್ನಿ,” ಎಂದಳು ದೂಮನಿಗೆ.

“ನಿನ್ನ ಬಿಟ್ಟು ಹೋಗೋದಿಲ್ಲ.”

“ನಾನು ಇದನ್ನ ಬಿಟ್ಟು ಬರೋದಿಲ್ಲ.”

ಬಂಡೆಯಜ್ಜಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿತ್ತು. “ಮಗಳೇ,” ಎಂದಿತು, “ನಿನ್ನ ಮೊಟ್ಟೆಯನ್ನ ನಾನು ನೋಡ್ಕೋತೀನಿ. ನನಗೆ ಹಸಿವಿಲ್ಲ, ಹೋಗಬೇಕಾದ ಊರಿಲ್ಲ. ಆದರೆ ನಿನ್ನ ಗಂಡನ ರೆಕ್ಕೆ ನೋಡು.”

ಚಿಮ್ಮಿ ತಿರುಗಿ ನೋಡಿದಳು. ದೂಮ ಬಾಗಿಲಿಗೆ ಅಡ್ಡವಾಗಿ, ಅವಳಿಗೆ ಚಳಿ ತಾಗದ ಹಾಗೆ ರೆಕ್ಕೆ ಹರಡಿ ನಿಂತಿದ್ದ. ರೆಕ್ಕೆ ಗಡಗಡ ನಡುಗುತ್ತಿತ್ತು. ಇನ್ನೊಂದು ದಿನ ಹೀಗೇ ಇದ್ದರೆ ಅವನೂ ಉಳಿಯುವಂತಿರಲಿಲ್ಲ.

ಚಿಮ್ಮಿ ಎದ್ದಳು. ಮೊಟ್ಟೆಗೆ ಕೊಕ್ಕು ತಾಗಿಸಿದಳು. ಒಂದು ಸಲ, ಇನ್ನೊಂದು ಸಲ. ಆಮೇಲೆ ಹೊರಗೆ ಬಂದಳು.

ಹೊರಗೆ ಗಾಳಿ ತಲೆ ತಗ್ಗಿಸಿ ಕೂತಿದ್ದ. “ನೋಡೋಣ ಅಂತ ಬಂದೆ ತಂಗಿ. ಅಷ್ಟೇ.”

“ನೋಡಿದೆಯಾ ಅಣ್ಣಾ?”

“ಇಲ್ಲ. ನನ್ನ ಹಿಂದೆ ಬಂದ ಹಿಮದಲ್ಲಿ ನನಗೂ ಏನೂ ಕಾಣಲಿಲ್ಲ.” ಗಾಳಿ ಅಳತೊಡಗಿದ.

ಚಿಮ್ಮಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಶಕ್ತಿ ಬೇಕು, ಅದು ಅವಳಲ್ಲಿರಲಿಲ್ಲ. “ಹಿಮ ಇಲ್ಲದ ಕಡೆ ನಮ್ಮನ್ನ ಕರಕೊಂಡು ಹೋಗು,” ಎಂದಳು.

ಗಾಳಿ ಇಬ್ಬರನ್ನೂ ಎತ್ತಿಕೊಂಡ. ಈ ಸಲ ಓಡಲಿಲ್ಲ. ಮೆಲ್ಲಗೆ, ಬಹಳ ಮೆಲ್ಲಗೆ, ಅರ್ಧ ಭೂಮಿಯನ್ನು ದಾಟಿಸಿ ಬೆಚ್ಚನೆಯ ಕಡಲಿನ ಮೇಲೆ ಇಳಿಸಿದ. ಅದು ನಮ್ಮ ಪಡುವಣ ಕಡಲು.

ಅಲ್ಲಿ ಒಂದು ಅಲೆ ಒಡೆದು ನೊರೆ ಹರಡಿತು. ಬಿಳಿ ನೊರೆ. ಬಿಳಿ ಕಂಡದ್ದೇ ತಡ, ಚಿಮ್ಮಿ ಅದರ ಮೇಲೆ ಇಳಿದು ಎಡಗಾಲು, ಬಲಗಾಲು, ಎಡಗಾಲು, ಬಲಗಾಲು ಎಂದು ಕೆರೆಯತೊಡಗಿದಳು.

“ಅದು ಹಿಮ ಅಲ್ಲ ಚಿಮ್ಮಿ,” ಎಂದ ದೂಮ.

“ಗೊತ್ತುರೀ,” ಎಂದಳು. ಆದರೂ ಅವಳ ಕಾಲು ನಿಲ್ಲಲಿಲ್ಲ.

ಕಡಲಮ್ಮನಿಗೆ ಅವಳ ಸಂಕಟ ತಿಳಿಯಿತು. “ಕೆರೆಯಲಿ ಬಿಡಪ್ಪಾ, ತಡೀಬೇಡ,” ಎಂದಳು. “ಬಾ ಮಗಳೇ, ಎಷ್ಟು ಬೇಕೋ ಅಷ್ಟು ಕೆರಿ. ನೀನು ಕೆರೆದಲ್ಲೆಲ್ಲ ಏನಾದರೂ ತಿನ್ನೋದಕ್ಕೆ ಇಡ್ತೀನಿ.” ಚಿಮ್ಮಿಯ ಕಾಲಡಿಯಿಂದ ಎಳ್ಳಿನಷ್ಟು ಸಣ್ಣ ಸಣ್ಣ ಸೀಗಡಿಗಳು ಮೇಲೆ ತೇಲಿ ಬಂದವು. ಎಷ್ಟೋ ದಿನಗಳ ಮೇಲೆ ಇಬ್ಬರೂ ಹೊಟ್ಟೆ ತುಂಬ ಉಂಡರು. ಉಪ್ಪುನೀರಿನಲ್ಲಿ ಎಷ್ಟು ತೊಳೆದರೂ ಅವಳ ಬೆರಳ ಸಂದಿಯ ಹಳದಿ ಮಾತ್ರ ಹೋಗಲಿಲ್ಲ. ಅವಳಿಗೂ ಅದು ಹೋಗುವುದು ಬೇಕಿರಲಿಲ್ಲ.

ಹಿಮದ ನಾಡಿನಲ್ಲಿ ಮತ್ತೆ ಬೇಸಿಗೆ ಬರುವ ಹೊತ್ತಿಗೆ ಅವರು ತೆಂಕಣಕ್ಕೆ ತಿರುಗಿ ಹೋದರು.

“ಇನ್ನು ಮೇಲೆ ಬೇಸಿಗೆಯಲ್ಲಿ ಬರೋದೇ ಇಲ್ಲ,” ಎಂದು ಗಾಳಿ ಮಾತು ಕೊಡಲು ಹೊರಟ.

“ಹಾಗನ್ನಬೇಡ, ಅದು ನಿನ್ನ ಕೈಲಾಗೋದಿಲ್ಲ,” ಎಂದಿತು ಬಂಡೆಯಜ್ಜಿ. ಅದು ನಿಜವೇ ಆಗಿತ್ತು. ಕೆಲವು ವರ್ಷ ಗಾಳಿ ತನ್ನನ್ನು ತಡೆದುಕೊಳ್ಳುತ್ತಾನೆ. ಕೆಲವು ವರ್ಷ ತಡೆಯಲಾಗದೆ ಓಡಿ ಬರುತ್ತಾನೆ, ಬಾಗಿಲುಗಳು ಮುಚ್ಚಿಹೋಗುತ್ತವೆ. ಆ ವರ್ಷ ಹಕ್ಕಿಗಳು ಬರಿಗೈಯಲ್ಲಿ ಬೆಚ್ಚನೆಯ ಕಡಲಿಗೆ ಬರುತ್ತವೆ, ಮರುವರ್ಷ ಮತ್ತೆ ಹೋಗುತ್ತವೆ.

ಅವರು ತಿರುಗಿ ಹೋದ ಆ ವರ್ಷ ಗಾಳಿ ತಡೆದುಕೊಂಡ. ಚಿಮ್ಮಿ ಇಟ್ಟ ಹೊಸ ಮೊಟ್ಟೆ ಒಡೆದು, ಬೂದಿ ಬಣ್ಣದ ಹತ್ತಿಯುಂಡೆಯಂಥ ಮರಿ ಹೊರಗೆ ಬಂತು. ದೂಮ ಅದನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಆಮೇಲೆ ಅದನ್ನು ತನ್ನ ರೆಕ್ಕೆಯಡಿಗೆ ಎಳೆದುಕೊಂಡ.

ಮರಿ ಬೆಳೆದು ಮೊದಲ ಸಲ ಕಡಲಿಗೆ ಇಳಿಯಿತು. ನೊರೆ ಕಂಡಿತು. ಯಾರೂ ಹೇಳಿಕೊಡದಿದ್ದರೂ ಅದರ ಮೇಲೆ ಎಡಗಾಲು, ಬಲಗಾಲು ಎಂದು ಕೆರೆಯತೊಡಗಿತು. ಅದರ ಕಪ್ಪು ಬೆರಳುಗಳ ನಡುವೆಯೂ ಹಳದಿ ಇತ್ತು.

ಮಳೆಗಾಲದ ಕೊನೆಗೆ ದೋಣಿಯಲ್ಲಿ ದೂರದ ಕಡಲಿಗೆ ಹೋದರೆ ನೀವೂ ನೋಡಬಹುದು: ಅಲೆ ಒಡೆದಲ್ಲೆಲ್ಲ ಪುಟ್ಟ ಕಪ್ಪು ಹಕ್ಕಿಗಳು ರೆಕ್ಕೆ ಎತ್ತಿ, ಹಳದಿ ಹತ್ತಿದ ಕಾಲಿನಿಂದ ಬಿಳಿ ನೊರೆಯನ್ನು ಕೆರೆಯುತ್ತಾ ನೀರ ಮೇಲೆ ನಡೆಯುತ್ತಿರುತ್ತವೆ.