ಒಂದು ಅಂಗೈಯಷ್ಟು ತೊಗಟೆ

ಮುಗ್ಧಾವಧೂತರ ಪಾದಗಳನ್ನು ನೆನೆದು ಈ ಪ್ರಸಂಗವನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಓದುವವರು ಮನ್ನಿಸಬೇಕು.

ಕಣವಿಹಾಳದ ಊರಾಚೆ ಒಂದು ಬೇವಿನ ಮರದ ಕೆಳಗೆ ಪೂಜ್ಯರು ವಾಸವಾಗಿದ್ದರು. ಮಠವಿಲ್ಲ, ಗದ್ದುಗೆಯಿಲ್ಲ. ಒಂದು ಕಂಬಳಿ, ಒಂದು ಗಡಿಗೆ, ತಲೆಯ ಮೇಲೆ ಆ ಮರ. ಜನ ಅವರನ್ನು ‘ಅಜ್ಜಾರು’ ಎನ್ನುತ್ತಿದ್ದರು. ಚಳಿಜ್ವರ ಬಂದವರಿಗೆ ಅಜ್ಜಾರು ಆ ಮರದ ತೊಗಟೆಯ ಕಷಾಯ ಕೊಡುತ್ತಿದ್ದರು. ಅದಕ್ಕೊಂದು ನೇಮವಿತ್ತು. ಹಿಂದಿನ ಸಂಜೆ ಮರದ ಮೇಲೆ ಕೈಯಿಟ್ಟು, ರೋಗಿಯ ಹೆಸರು ಹೇಳಿ ಅಪ್ಪಣೆ ಕೇಳಬೇಕು. ಬೆಳಿಗ್ಗೆ ಒಂದೇ ಒಂದು ಅಂಗೈಯಷ್ಟು ತೊಗಟೆ ತೆಗೆದು, ಗಾಯಕ್ಕೆ ಸಗಣಿ ಮಣ್ಣು ಮೆತ್ತಬೇಕು.

“ಮರ ಉಣ್ಣೋದು ತೊಗಟಿಯಿಂದ. ಸುತ್ತ ಸುಲಿದರ ಉಪವಾಸ ಸಾಯ್ತದ” ಎಂದು ಅವರು ಎಚ್ಚರಿಸುತ್ತಿದ್ದರು.

ಊರ ಕಮ್ಮಾರ ತಿರಕಪ್ಪನಿಗೆ ಇದೆಲ್ಲ ನಗೆಪಾಟಲು. “ಮರಕ್ಕ ಕಿವಿ ಎಲ್ಲೈತ್ರಿ ಅಜ್ಜಾರ? ತೋರಸ್ರಿ, ಒಂದು ಕಿವಿಯೊಂಟಿ ಮಾಡಿ ಹಾಕ್ತೀನಿ” ಎಂದು ಅಣಕಿಸುತ್ತಿದ್ದ. ಊರ ಸುತ್ತಲಿನ ಉಳಿದ ಬೇವುಗಳನ್ನೆಲ್ಲ ಇದ್ದಿಲು ಮಾಡಿ ನುಂಗಿದ್ದು ಇವನ ಕುಲುಮೆಯೇ. ಅಜ್ಜಾರು ನಗುತ್ತಿದ್ದರು.

ಒಂದು ವರ್ಷ ಮಳೆಗಾಲದ ಕೊನೆಗೆ ಊರಿಗೆ ಊರೇ ಜ್ವರ ಬಂದು ಮಲಗಿತು. ಅಜ್ಜಾರು ಪಕ್ಕದ ತಾಂಡಾದ ರೋಗಿಗಳ ಸೇವೆಗೆಂದು ಮೂರು ದಿನ ಹೋಗಿದ್ದರು. ಅಷ್ಟರಲ್ಲಿ ಜನ ಮರಕ್ಕೆ ಮುಗಿಬಿದ್ದರು. ಅಪ್ಪಣೆಯಿಲ್ಲ, ಅಳತೆಯಿಲ್ಲ, ಸಗಣಿಯಿಲ್ಲ. ಒಯ್ದದ್ದನ್ನೆಲ್ಲ ಅಂದಂದೇ ಕುದಿಸಿ ಮುಗಿಸಿದರು. ಅದೇ ಮರಕ್ಕೆ ದಿನವೂ ಪ್ರದಕ್ಷಿಣೆ ಹಾಕುತ್ತಿದ್ದ ಭಕ್ತರೇ! ಅಯ್ಯೋ, ನಮ್ಮ ಭಕ್ತಿಗಿಷ್ಟು ಬೆಂಕಿ ಹಾಕ! ಪೂಜ್ಯರು ಮರಳಿ ಬಂದಾಗ ಬೊಡ್ಡೆ ಸುತ್ತಲೂ ಬೆತ್ತಲೆಯಾಗಿತ್ತು. ಬಡಗಣ ಬದಿಯಲ್ಲಿ ಮಾತ್ರ ಅಂಗೈಯಗಲದ ಒಂದು ಪಟ್ಟಿ ಉಳಿದಿತ್ತು. ಮರದ ಜೀವವೆಲ್ಲ ಅದರಲ್ಲಿತ್ತು. ಅಜ್ಜಾರು ಯಾರನ್ನೂ ಬಯ್ಯಲಿಲ್ಲ, ಆ ಪಟ್ಟಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟರು.

ಆ ಮಧ್ಯಾಹ್ನವೇ ತಿರಕಪ್ಪ ಓಡಿ ಬಂದ. ಸಂಕಟ ಬಂದಾಗ ವೆಂಕಟರಮಣ! ಅವನ ಆರು ವರ್ಷದ ಮಗಳು ಜ್ವರದಲ್ಲಿ ಕಣ್ಣು ತೇಲಿಸುತ್ತಿದ್ದಳು. ತಿರಕಪ್ಪನ ಕೈಯಲ್ಲಿ ತಾನೇ ಬಡಿದು ಮಾಡಿದ ಚೂರಿಯಿತ್ತು. ಅವನು ಬೆತ್ತಲೆ ಬೊಡ್ಡೆಯನ್ನು ಸುತ್ತಿ ಬಂದು, ಅಜ್ಜಾರ ಬೆನ್ನ ಹಿಂದೆ ಉಳಿದ ಪಟ್ಟಿಯನ್ನು ಕಂಡ.

“ಅಜ್ಜಾರ, ಇಷ್ಟ ಉಳದೈತ್ರಿ... ಇದನ್ನೂ ತಗದರ ಮರ?”

“ಸಾಯ್ತದ.”

“ನನ್ನ ಕೂಸ್ರಿ, ಯಪ್ಪಾ!”

“ಕೂಸು ಮೊದಲು. ಹೆಸರೇನು?”

“ನೀಲವ್ವ.”

ಪೂಜ್ಯರು ಎದ್ದು ಮರಕ್ಕೆ ಕೈಯಿಟ್ಟು ಆ ಹೆಸರು ಹೇಳಿದರು. ಬೆಳಗಿಗಾಗಿ ಕಾಯಲಿಲ್ಲ. ತಾವೇ ಚೂರಿ ಹಿಡಿದು ಪಟ್ಟಿಯನ್ನು ಬಿಡಿಸಿ ಕೊಟ್ಟರು. ಆಮೇಲೆ, ಫಲವಿಲ್ಲವೆಂದು ಗೊತ್ತಿದ್ದೂ, ಆ ಗಾಯಕ್ಕೆ ಸಗಣಿ ಮಣ್ಣು ಮೆತ್ತುತ್ತ ಕುಳಿತರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

ನೀಲವ್ವ ನಾಲ್ಕನೆಯ ದಿನ ಎದ್ದು ಗಂಜಿ ಕುಡಿದಳು. ಮರ ಮಾತ್ರ ಮತ್ತೆ ಚಿಗುರಲಿಲ್ಲ. ಆ ಯುಗಾದಿಗೆ ಕಣವಿಹಾಳದವರು ಬೇವಿಲ್ಲದೆ ಬರೀ ಬೆಲ್ಲ ತಿಂದರು. ಬಿಸಿಲಿಗೆ ನೆರಳೂ ಇಲ್ಲದ ಒಣ ಕೊಂಬೆಗಳ ಕೆಳಗೇ ಅಜ್ಜಾರು ಕುಳಿತಿರುತ್ತಿದ್ದರು. ಬೇರೆಡೆಗೆ ಬನ್ನಿರೆಂದರೆ ಒಲ್ಲೆನೆಂದು ತಲೆಯಾಡಿಸಿಬಿಡುತ್ತಿದ್ದರು. ಹೀಗಿರಲು ಅವರಿಗೂ ಜ್ವರ ಬಂತು.

ತಿರಕಪ್ಪ ಬೇವು ಹುಡುಕುತ್ತ ಕಣಿವೆ ದಾಟಿ ಮೂರು ಹರದಾರಿ ನಡೆದ. ಒಂದು ಮರ ಸಿಕ್ಕಾಗ ಹೊತ್ತು ಮುಳುಗುತ್ತಿತ್ತು. ಚೂರಿ ತೆಗೆದ, ಆದರೆ ಕೇಳದೆ ಮುಟ್ಟಲು ಕೈ ಏಳಲಿಲ್ಲ. ಅದೇ ಕೈಯನ್ನು ಮರದ ಮೇಲಿಟ್ಟು ಅಜ್ಜಾರ ಹೆಸರು ಹೇಳಿದ. ಬೆಳಗಿನತನಕ ಕಾದ. ಕಾಯಬಾರದಿತ್ತೇನೋ, ನಾನು ಹೇಳಲಾರೆ. ಬೆಳಕು ಹರಿದ ಮೇಲೆ ಒಂದು ಅಂಗೈಯಷ್ಟು ತೆಗೆದು, ಗಾಯಕ್ಕೆ ಸಗಣಿ ಮಣ್ಣು ಮೆತ್ತಿ, ಬಿದ್ದೆದ್ದು ಓಡಿ ಬಂದ.

ಅಜ್ಜಾರು ಕಣ್ಣು ತೆರೆದರು.

“ಕೇಳಿದ್ಯಾ?”

“ಕೇಳೀನ್ರಿ ಯಪ್ಪಾ.”

“ಎಷ್ಟು ತಗೊಂಡಿ?”

ತಿರಕಪ್ಪ ಕೈ ಬಿಚ್ಚಿ ತೋರಿಸಿದ. ಪೂಜ್ಯರು ಅವನ ಅಂಗೈಯ ಮೇಲೆ ತಮ್ಮ ಕೈಯಿಟ್ಟರು.

“ಹಂಗಾರ ಆ ಮರ ಉಳೀತು.”

ಕಷಾಯ ಕುದಿಯುವ ಮೊದಲೇ ಅವರು ದೇಹ ಬಿಟ್ಟರು.

ಆ ಒಣ ಮರದ ಒಂದು ತುಂಡನ್ನೂ ತಿರಕಪ್ಪ ಕುಲುಮೆಗೆ ಹಾಕಲಿಲ್ಲ. ಕಣಿವೆಯಾಚೆಯ ಮರದ ಬೀಜ ತಂದು ಊರ ಸುತ್ತ ಊರಿದ, ನೀರು ಹೊತ್ತ. ನನಗೆ ಇದನ್ನು ಹೇಳಿದ್ದು ನೀಲವ್ವನೇ; ಆಗ ಆಕೆ ಹಣ್ಣು ಹಣ್ಣು ಮುದುಕಿ.

“ಮರ ದೊಡ್ಡವಾದ ಮ್ಯಾಲ ನಮ್ಮಪ್ಪ ದಿನಾ ಸಂಜೀಕ ಒಂದೊಂದ ಮರಕ್ಕ ಅಜ್ಜಾರ ಹೆಸರು ಹೇಳಾಂವ. ಹೇಳಿ, ಬೊಡ್ಡಿಗೆ ಕಿವಿ ಹಚ್ಚಿ ನಿಂದರಾಂವ. ಏನ್ ಕೇಳಸ್ತೈತೋ ಯಪ್ಪಾ ಅಂದ್ರ ಅಳಾಂವ ನೋಡ್ರಿ, ಸಣ್ಣ ಹುಡುಗರಂಗ ಅಳಾಂವ.”