ಸಿಂಗ್ರಿ ಕಾದ ಅವರೆ ಚಪ್ಪರ

ಚಳಿ ಇದೆ, ಒಲೆ ಹತ್ತಿರ ಸರಿದು ಕೂತ್ಕೊಳ್ಳಿ, ಹೇಳ್ತೀನಿ. ಒಂದೂರಲ್ಲಿ ಚೆಲುವಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಸಿಂಗ್ರಿ ಅಂತ ಒಬ್ಬ ಮಗ. ಆಳು ತೆಂಗಿನುದ್ದ, ಬುದ್ಧಿ ಗರಿಕೆಯುದ್ದ. ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಗೋಳು.

ಮಾಗಿ ಬಂತು. ಹಿತ್ತಿಲ ಅವರೆ ಬಳ್ಳಿ ಚಪ್ಪರ ತುಂಬ ಹೂ ಬಿಟ್ಟಿತು. ಗಂಡನ ಮನೆಯಲ್ಲಿದ್ದ ಮಗಳು ಹೊನ್ನಿ ಬಸುರಿ. “ಏನೂ ಸೇರ್ತಿಲ್ಲ ಅವ್ವ. ನಮ್ಮ ಹಿತ್ತಿಲ ಸೊಗಡವರೆ ಆದ್ರೆ ತಿಂತೀನಿ, ಕಾಯಾಗೋ ಹೊತ್ತಿಗೆ ಬರ್ತೀನಿ” ಅಂತ ಹೇಳಿಕಳಿಸಿದ್ದಳು. ಬಸುರಿಯ ಬಯಕೆ ತಪ್ಪಿಸೋದುಂಟೇ?

ಚೆಲುವಮ್ಮನಿಗೋ ಹಗಲೆಲ್ಲ ರಾಗಿ ಕಣದ ಕೆಲಸ. ಹೊರಡುವಾಗ ಹೇಳಿದಳು: “ಲೇ ಸಿಂಗ್ರಿ, ಬಳ್ಳೀನ ಹಸುಗೂಸಿನ ಥರ ನೋಡ್ಕೊಳ್ಳೋ!”

“ಆಗ್ಲವ್ವ, ಹಂಗೇ ಮಾಡ್ತೀನಿ!”

ಸಿಂಗ್ರಿ ನೋಡಿದ. ಮಂಜಿನೊಳಗೆ ಬಳ್ಳಿ ಕಣ್ಮುಚ್ಚಿ ಮಲಗಿದ ಹಾಗಿತ್ತು. ಹಸುಗೂಸಿಗೆ ಏನು ಮಾಡ್ತಾರೆ? ಹಂಡೆಯ ಬಿಸಿನೀರು ತಂದು, ಜೋ ಜೋ ಅನ್ನುತ್ತ ನೆತ್ತಿಗೆ ಹುಯ್ದ.

ಸಂಜೆ ಚೆಲುವಮ್ಮ ಬಂದು ನೋಡಿದರೆ ಅರ್ಧ ಬಳ್ಳಿ ಬೆಂದು ಜೋತುಬಿದ್ದಿತ್ತು.

“ಅಯ್ಯೋ ನನ್ನ ಕರ್ಮವೇ! ಬಿಸಿನೀರು ಹುಯ್ತಾರೇನೋ! ತಣ್ಣೀರು ಹುಯ್ಯಬೇಕು, ಬುಡಕ್ಕೆ ಮಾತ್ರ! ತಲೆಗೆ ಒಂದು ಹನೀನೂ ಸೋಕಬಾರ್ದು!”

“ಆಗ್ಲವ್ವ, ಹಂಗೇ ಮಾಡ್ತೀನಿ!”

ಮಾರನೇ ದಿನ ಪಕ್ಕದ ಮನೆ ಮುನಿತಾತ ಕೂಗಿದ. “ಸಿಂಗ್ರಪ್ಪ, ಬೆನ್ನು ಬಗ್ಗಲ್ಲ, ಸ್ನಾನಕ್ಕೆ ಒಂದೆರಡು ಚೊಂಬು ನೀರು ಹುಯ್ಯಪ್ಪ.” ಸಿಂಗ್ರಿ ಬಾವಿಯಿಂದ ತಣ್ಣೀರು ಸೇದಿ ತಂದ. ತಾತನ ಪಾದಕ್ಕೆ ಹುಯ್ದ. ಹುಯ್ದೇ ಹುಯ್ದ.

“ಲೇ, ಮೈಗೆ ಹುಯ್ಯೋ!”

“ಬುಡಕ್ಕೆ ಮಾತ್ರ ತಾತ!”

ತಾತ ನಡುಗುತ್ತ ಬಂದು ಚೆಲುವಮ್ಮನಿಗೆ ದೂರು ಹೇಳಿದ. ಅವಳು ಹಣೆ ಚಚ್ಚಿಕೊಂಡಳು. “ನಡುಗೋರಿಗೆ ತಣ್ಣೀರು ಹುಯ್ತೀಯೇನೋ ಮಂಕೇ! ಯಾರು ನಡುಗಿದ್ರೂ ಹತ್ರದಲ್ಲಿ ನಾಕು ಪುಳ್ಳೆ ಹಾಕಿ ಬೆಂಕಿ ಹಚ್ಚಬೇಕು!”

“ಆಗ್ಲವ್ವ, ಹಂಗೇ ಮಾಡ್ತೀನಿ!”

ಸಂಜೆ ಮೂಡಲ ಗಾಳಿ ಮೆಲ್ಲಗೆ ಬೀಸಿತು. ಅವರೆಯ ಎಲೆ ಒಂದೊಂದೂ ನಡುಗಿತು. ಸಿಂಗ್ರಿಗೆ ಕರುಳು ಚುರುಕ್ಕಂತು. “ಇರು ಕೂಸೇ, ಬಂದೆ” ಅಂದ. ಚಪ್ಪರದ ಕೆಳಗೇ ಪುಳ್ಳೆ ಕೂಡಿಸಿ ಹಚ್ಚಿದ. ಕಿಡಿಗಳು ಮಿಣುಕುಹುಳುಗಳ ಹಾಗೆ ಮೇಲಕ್ಕೆ ಹೋದವು. ಸಿಂಗ್ರಿ ಬಾಯಿಬಿಟ್ಟು ನೋಡುತ್ತ ನಿಂತ.

ಚೆಲುವಮ್ಮ ಓಡಿಬಂದು ಕೊಡ ಸುರಿಯುವಷ್ಟರಲ್ಲಿ ಉಳಿದದ್ದು ಮೂಲೆಯ ಒಂದು ಕವಲು. ಅದರ ತುಂಬ ಹೂವಿತ್ತು.

“ಅಯ್ಯೋ ಮುಂಡೇದೇ! ಅವರೆಗೆ ಚಳೀನೇ ಬೇಕು ಕಣೋ! ಮಂಜು ಕುಡಿದ್ರೇ ಸೊಗಡು ಬರೋದು. ಇನ್ಮೇಲೆ ಹಿತ್ತಿಲಿಂದ ಏನೇ ಬರ್ಲಿ, ಮೂಸಿ ನೋಡು. ಸೊಗಡು ಇದ್ರೆ ಒಳಕ್ಕೆ. ಇಲ್ದಿದ್ರೆ ಮಂಜಲ್ಲೇ ಬಿಡು!”

“ಆಗ್ಲವ್ವ, ಹಂಗೇ ಮಾಡ್ತೀನಿ!”

ದಿನ ಕಳೆದು ಆ ಕವಲು ಕಾಯಿ ಕಟ್ಟಿತು. ಒಂದು ಬೆಳಿಗ್ಗೆ ಊರೇ ಇಲ್ಲದ ಹಾಗೆ ಮಂಜು. ಚೆಲುವಮ್ಮ ಹಾಲು ತರಲು ಹೋಗಿದ್ದಳು. ಹೊನ್ನಿಯೂ ಅವಳ ಗಂಡನೂ ಒಳದಾರಿ ಹಿಡಿದು ಹಿತ್ತಿಲಿಂದಲೇ ಬಂದರು. ಬಿಳಿ ಬಿಳಿ ಮಂಜಿನಲ್ಲಿ ಇಬ್ಬರು ತೇಲಿಬಂದ ಹಾಗಾಯಿತು. ಸಿಂಗ್ರಿ ಬಾಗಿಲಿಗೆ ಅಡ್ಡ ನಿಂತು ಇಬ್ಬರನ್ನೂ ಮೂಸಿದ.

“ಸೊಗಡಿಲ್ಲ! ಇಬ್ರೂ ಚಪ್ಪರದ ಕೆಳಗೆ ಕೂತ್ಕೊಳ್ಳಿ!”

“ಏನೇ ಇದು, ನಿನ್ನ ತಮ್ಮ!” ಅಂದ ಭಾವ.

ಹೊನ್ನಿಗೆ ತಮ್ಮನ ಗುಣ ಗೊತ್ತು. ನಗುತ್ತ ಕೈ ಚಾಚಿ, ಮೂಲೆಯ ಕಾಯನ್ನೆಲ್ಲ ಸೆರಗಿಗೆ ಕಿತ್ತುಕೊಂಡಳು. ಎಣ್ಣೆಯಂಥ ಘಮ ಕೈಗೆಲ್ಲ ಹತ್ತಿತು. “ಈಗ ಮೂಸೋ” ಅಂದಳು.

“ಬಂತಕ್ಕಾ, ಬಂತು! ಒಳಕ್ಕೆ ಹೋಗು!”

ಚೆಲುವಮ್ಮ ಬರುವ ಹೊತ್ತಿಗೆ ಹೊನ್ನಿ ಒಲೆ ಮುಂದೆ ಕೂತು, ಕೆಂಡದಲ್ಲಿ ಕಾಯಿ ಸುಟ್ಟು ಸುಟ್ಟು ತಿನ್ನುತ್ತಿದ್ದಳು. ತಿಂಗಳಿಂದ ಏನೂ ಸೇರದವಳು! ತಾಯಿಯ ಕಣ್ಣು ತುಂಬಿತು. ಅಷ್ಟರಲ್ಲಿ ಹಿತ್ತಿಲಲ್ಲಿ ಯಾರೋ ಸೀನಿದರು.

ಓಡಿದಳು. ಚಪ್ಪರದ ಕೆಳಗೆ ಅಳಿಯ, ತಲೆಗೆ ಟವೆಲ್ಲು, ಹಲ್ಲು ಕಟಕಟ.

“ಅಯ್ಯಯ್ಯೋ! ಭಾವನ್ನ ಒಳಕ್ಕೆ ಬಿಡೋ!”

ಸಿಂಗ್ರಿ ಭಾವನ ಕತ್ತಿನ ಹತ್ತಿರ ಇನ್ನೊಂದು ಸಲ ಮೂಸಿದ. ಬೇಸರದಿಂದ ತಲೆಯಾಡಿಸಿದ.

“ಇನ್ನೂ ಎಳಸು ಕಣವ್ವ! ಸಂಕ್ರಾಂತಿಗಂಟ ಬಿಡೋಣ!”